ಕಬ್ಬಿಣದ ನಾದಕ್ಕೆ ಯಾರ ಅಳತೆಗೋಲು?

1970ರ ಫೆಬ್ರುವರಿ 13ರಂದು ಇಂಗ್ಲೆಂಡಿನ ಅಂಗಡಿಗಳಿಗೆ ಹೊಸದೊಂದು ಧ್ವನಿಮುದ್ರಿಕೆ ಬಂತು. ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನ ನಾಲ್ವರು ಯುವಕರು ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದ ಮುದ್ರಿಕೆ ಅದು. ತಂಡಕ್ಕೂ ಮುದ್ರಿಕೆಗೂ ಹೆಸರು ಒಂದೇ, ‘ಬ್ಲ್ಯಾಕ್ ಸಬ್ಬತ್’. ಅಮೆರಿಕದ ಪ್ರಭಾವಶಾಲಿ ಪತ್ರಿಕೆ ‘ರೋಲಿಂಗ್ ಸ್ಟೋನ್’ ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು ವಿಮರ್ಶೆಗೆ ಎತ್ತಿಕೊಂಡಾಗ ಲೆಸ್ಟರ್ ಬ್ಯಾಂಗ್ಸ್ ಎಂಬ ತರುಣ ವಿಮರ್ಶಕ ಯಾವ ದಯೆಯನ್ನೂ ತೋರಲಿಲ್ಲ. ಆಗಿನ ಹೆಸರಾಂತ ತಂಡ ‘ಕ್ರೀಮ್’ನ ಕಳಪೆ ನಕಲು ಇದೆಂಬುದು ಅವನ ತೀರ್ಪಿನ ಸಾರಾಂಶ. ಕೇಳುಗರು ಮಾತ್ರ ಈ ತೀರ್ಪಿಗೆ ಕಾಯಲಿಲ್ಲ. ಮುದ್ರಿಕೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 8ನೇ ಸ್ಥಾನಕ್ಕೂ ಅಮೆರಿಕದಲ್ಲಿ 23ನೇ ಸ್ಥಾನಕ್ಕೂ ಏರಿತು.

ಅದೇ ರೋಲಿಂಗ್ ಸ್ಟೋನ್ 2017ರಲ್ಲಿ ಸಾರ್ವಕಾಲಿಕ ಶ್ರೇಷ್ಠವೆನಿಸಿದ ನೂರು ಹೆವಿ ಮೆಟಲ್ ಮುದ್ರಿಕೆಗಳ ಪಟ್ಟಿಯನ್ನು ಪ್ರಕಟಿಸಿತು. ಮೊದಲ ಸ್ಥಾನ ದಕ್ಕಿದ್ದು ಇದೇ ತಂಡದ ಎರಡನೆಯ ಮುದ್ರಿಕೆಯಾದ ‘ಪ್ಯಾರನಾಯ್ಡ್’ಗೆ. ಅದು ಕೂಡ 1970ರದೇ. ಮುದ್ರಿಕೆಯೊಳಗಿನ ಸ್ವರ ಒಂದಿಷ್ಟೂ ಬದಲಾಗದೆ, ಅದರ ಬೆಲೆ ಮಾತ್ರ ಹೀಗೆ ತಲೆಕೆಳಗಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಒಂದು ಸಂಗೀತ ಪ್ರಕಾರದ ಕಥೆಯ ಜೊತೆಗೆ, ಕಲೆಯನ್ನು ಅಳೆಯುವ ಹಕ್ಕು ಯಾರದು ಎಂಬ ಹಳೆಯ ಜಗಳದ ಕಥೆಯೂ ತೆರೆದುಕೊಳ್ಳುತ್ತದೆ.

ಬೈಗುಳವೇ ಹೆಸರಾದಾಗ

ಬ್ಯಾಂಗ್ಸ್ ಕಿವುಡನೇನೂ ಆಗಿರಲಿಲ್ಲ. ಅವನ ಪೀಳಿಗೆಯ ವಿಮರ್ಶಕರು ರಾಕ್ ಸಂಗೀತವನ್ನು ಅಮೆರಿಕದ ಕಪ್ಪು ಜನರ ‘ಬ್ಲೂಸ್’ ಪರಂಪರೆಯ ಕೂಸೆಂದು ನೋಡುತ್ತಿದ್ದರು. ಸಾಹಿತ್ಯದಲ್ಲಿ ಕಾವ್ಯಗುಣವಿರಬೇಕು, ಗಿಟಾರ್ ವಾದಕ ಆಲಾಪನೆಯಂತೆ ತನ್ನ ಕಲ್ಪನೆಯನ್ನು ಬೆಳೆಸುತ್ತ ಹೋಗಬೇಕು ಎಂಬುದು ಅವರ ನಿರೀಕ್ಷೆ. 1969ರಲ್ಲಿ ‘ಲೆಡ್ ಝೆಪೆಲಿನ್’ ತಂಡದ ಮೊದಲ ಮುದ್ರಿಕೆಯನ್ನು ಇದೇ ಪತ್ರಿಕೆಯಲ್ಲಿ ಜಾನ್ ಮೆಂಡೆಲ್‌ಸನ್ ಹೀಗಳೆದದ್ದೂ ಇಂಥ ಅಳತೆಗೋಲಿನಿಂದಲೇ. ಆ ಮುದ್ರಿಕೆ ಕೂಡ 2003ರಲ್ಲಿ ಅದೇ ಪತ್ರಿಕೆಯ ಐನೂರು ಶ್ರೇಷ್ಠ ಮುದ್ರಿಕೆಗಳ ಪಟ್ಟಿಯಲ್ಲಿ 29ನೇ ಸ್ಥಾನ ಪಡೆಯಿತು.

ಆದರೆ ಬ್ಲ್ಯಾಕ್ ಸಬ್ಬತ್‌ನ ಸಂಗೀತ ಹುಟ್ಟಿದ್ದು ಬೇರೆಯದೇ ನೆಲದಲ್ಲಿ. ಗಿಟಾರ್ ವಾದಕ ಟೋನಿ ಅಯೋಮಿ 17ರ ಹರೆಯದಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಎಡಚನಾದ ಅವನು ತಂತಿಗಳನ್ನು ಒತ್ತುತ್ತಿದ್ದುದು ಆ ಬಲಗೈಯಿಂದಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ತೆಳುವಾದ ತಂತಿಗಳನ್ನು ಹೂಡಿ ಮತ್ತೆ ನುಡಿಸತೊಡಗಿದ. 1971ರ ಮೂರನೆಯ ಮುದ್ರಿಕೆಯ ಹೊತ್ತಿಗೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ತಗ್ಗಿಸಿದ. ನಾದ ಇನ್ನಷ್ಟು ಭಾರವಾಯಿತು. ಇಲ್ಲಿ ಹಾಡಿನ ಬೆನ್ನೆಲುಬು ‘ರಿಫ್’. ಎಂದರೆ ಪಲ್ಲವಿಯಂತೆ ಮತ್ತೆ ಮತ್ತೆ ಮರಳಿ ಬರುವ, ಕೆಲವೇ ಸ್ವರಗಳ ಒಂದು ಗಟ್ಟಿ ಗುಚ್ಛ. ಅದನ್ನು ಆಲಾಪನೆಯ ಮಾನದಂಡದಿಂದ ನೋಡಿದವರಿಗೆ ಬರೀ ಪುನರಾವರ್ತನೆ ಕಂಡಿತು. ಯಕ್ಷಗಾನದ ಚೆಂಡೆಯನ್ನು ವೀಣೆಯ ತಕ್ಕಡಿಯಲ್ಲಿ ತೂಗಿದರೆ ಆಗುವುದೂ ಇದೇ.

‘ಹೆವಿ ಮೆಟಲ್’ ಎಂಬ ಹೆಸರಿನ ಪಯಣ ಇನ್ನೂ ಸ್ವಾರಸ್ಯಕರ. 1968ರಲ್ಲಿ ‘ಸ್ಟೆಪೆನ್‌ವುಲ್ಫ್’ ತಂಡದ ಹಾಡೊಂದರಲ್ಲಿ ಈ ಪದಗಳು ಕಾಣಿಸಿಕೊಂಡಿದ್ದವು. ಆದರೆ ಅಲ್ಲಿನ ಸಂದರ್ಭ ಹೆದ್ದಾರಿಯ ಮೋಟಾರ್‌ಸೈಕಲ್ಲಿನ ಗುಡುಗು. ಸಂಗೀತಕ್ಕೆ ಅದನ್ನು ಅಂಟಿಸಿದವರು ವಿಮರ್ಶಕರು. 1970ರ ನವೆಂಬರ್‌ನಲ್ಲಿ ಮೈಕ್ ಸಾಂಡರ್ಸ್ ‘ಹಂಬಲ್ ಪೈ’ ತಂಡದ ಮುದ್ರಿಕೆಯನ್ನು ಜರೆಯಲು ಅದನ್ನು ಬಳಸಿದ. ಆರೇ ತಿಂಗಳ ನಂತರ ‘ಕ್ರೀಮ್’ ಪತ್ರಿಕೆಯಲ್ಲಿ (ಮೇಲೆ ಹೇಳಿದ ತಂಡವೇ ಬೇರೆ, ಈ ಪತ್ರಿಕೆಯೇ ಬೇರೆ) ‘ಸರ್ ಲಾರ್ಡ್ ಬಾಲ್ಟಿಮೋರ್’ ತಂಡವನ್ನು ಹೊಗಳುವಾಗ ಅದೇ ಸಾಂಡರ್ಸ್‌ಗೆ ಅದೇ ಪದ ಬೇಕಾಯಿತು. ಬೈಗುಳ ಹೀಗೆ ಬಿರುದಾಯಿತು. ಬ್ಯಾಂಗ್ಸ್ ಕೂಡ 1972ರಲ್ಲಿ ಅದೇ ಪತ್ರಿಕೆಯಲ್ಲಿ ಬ್ಲ್ಯಾಕ್ ಸಬ್ಬತ್ ಪರವಾಗಿ ಎರಡು ಕಂತುಗಳ ದೀರ್ಘ ಲೇಖನವನ್ನೇ ಬರೆದ. ಮರಳಿ ಕೇಳುವ ತಾಳ್ಮೆ ಅವನಿಗಿತ್ತು ಎಂಬುದನ್ನು ಮರೆಯಬಾರದು.

ಕೇಳುಗರೇ ಕಟ್ಟಿದ ಪೀಠ

ಎಪ್ಪತ್ತರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆಗಳ ಪ್ರೀತಿಯೆಲ್ಲ ‘ಪಂಕ್’ ಅಲೆಯ ಮೇಲಿತ್ತು. ಹೆವಿ ಮೆಟಲ್ ಸತ್ತಿತೆಂದೇ ಹಲವರು ನಂಬಿದ್ದರು. ಲಂಡನ್ನಿನ ವಾಯವ್ಯ ಭಾಗದ ಕಿಂಗ್ಸ್‌ಬರಿಯಲ್ಲಿ ಪಾನಗೃಹವೊಂದಕ್ಕೆ ಹೊಂದಿಕೊಂಡ ‘ಬ್ಯಾಂಡ್‌ವ್ಯಾಗನ್’ ಎಂಬ ತಾಣದಲ್ಲಿ ಮಾತ್ರ ನೀಲ್ ಕೇ ಎಂಬಾತ ಮೆಟಲ್ ಮುದ್ರಿಕೆಗಳನ್ನೇ ಹಾಕುತ್ತಿದ್ದ. ನೆರೆದ ಜನ ಯಾವ ಹಾಡನ್ನು ಹೆಚ್ಚಾಗಿ ಕೇಳಿ ಹಾಕಿಸಿಕೊಳ್ಳುತ್ತಿದ್ದರೋ ಅದರ ಲೆಕ್ಕವಿಟ್ಟು ಒಂದು ಪಟ್ಟಿ ಮಾಡುತ್ತಿದ್ದ. ‘ಸೌಂಡ್ಸ್’ ವಾರಪತ್ರಿಕೆ ಆ ಪಟ್ಟಿಯನ್ನು ಅಚ್ಚುಹಾಕತೊಡಗಿತು.

ಹೊಸ ತಂಡವಾದ ‘ಐರನ್ ಮೇಡನ್’ 1978ರ ಡಿಸೆಂಬರ್ ಕೊನೆಯಲ್ಲಿ ಕೆಲವು ಹಾಡುಗಳನ್ನು ಧ್ವನಿಮುದ್ರಿಸಿ ಕ್ಯಾಸೆಟ್ಟನ್ನು ಕೇಗೆ ಕೊಟ್ಟಿತು. ಧ್ವನಿಮುದ್ರಿಕೆಯ ಕಂಪನಿಯೂ ಇಲ್ಲದ ಈ ತಂಡದ ಹಾಡು ಆ ಪಟ್ಟಿಯ ತುದಿಗೇರಿತು. 1979ರ ಮೇ ತಿಂಗಳಲ್ಲಿ ಸೌಂಡ್ಸ್‌ನ ಜೆಫ್ ಬಾರ್ಟನ್ ಇಂಥ ತಂಡಗಳ ಕಛೇರಿಯೊಂದರ ಬಗ್ಗೆ ಬರೆದಾಗ, ಸಂಪಾದಕ ಅಲನ್ ಲೂಯಿಸ್ ಅದಕ್ಕೆ ‘ಬ್ರಿಟಿಷ್ ಹೆವಿ ಮೆಟಲ್‌ನ ಹೊಸ ಅಲೆ’ ಎಂದು ಹೆಸರಿಟ್ಟ. ಚೆಲ್ಲಾಪಿಲ್ಲಿಯಾಗಿದ್ದ ಹಲವು ತಂಡಗಳು ಆ ಒಂದು ಹೆಸರಿನ ಕೆಳಗೆ ಚಳವಳಿಯಾಗಿ ಕಂಡವು. 1980ರ ಏಪ್ರಿಲ್‌ನಲ್ಲಿ ಬಂದ ಐರನ್ ಮೇಡನ್‌ನ ಮೊದಲ ಮುದ್ರಿಕೆ ಬ್ರಿಟನ್ನಿನಲ್ಲಿ ನೇರವಾಗಿ 4ನೇ ಸ್ಥಾನಕ್ಕೆ ಹೋಯಿತು.

1981ರ ಜೂನ್‌ನಲ್ಲಿ ಸೌಂಡ್ಸ್‌ನ ಮಡಿಲಿನಿಂದಲೇ ‘ಕೆರಾಂಗ್’ ಹುಟ್ಟಿತು. ವಿದ್ಯುತ್ ಗಿಟಾರನ್ನು ಮೀಟಿದಾಗ ಹೊಮ್ಮುವ ಸದ್ದಿನ ಅನುಕರಣೆಯೇ ಆ ಹೆಸರು. ಹೊಸ ಮುದ್ರಿಕೆಗಳಿಗೆ ನಕ್ಷತ್ರಗಳ ಬದಲು ‘ಕೆ’ ಅಕ್ಷರ ಕೊಡುವ ಪದ್ಧತಿ ಅದರದಾಗಿತ್ತು. ಐದು ‘ಕೆ’ ಸಿಕ್ಕರೆ ಅತ್ಯುತ್ತಮವೆಂದರ್ಥವಾಗುತ್ತಿತ್ತು. ನೆದರ್ಲೆಂಡ್ಸ್‌ನಲ್ಲಿ ‘ಆರ್ಡ್‌ಶೊಕ್’, ಜರ್ಮನಿಯಲ್ಲಿ ‘ಮೆಟಲ್ ಹ್ಯಾಮರ್’ ಮತ್ತು ‘ರಾಕ್ ಹಾರ್ಡ್’ ಬಂದವು. ಮೆಟಲ್ ಪ್ರೇಮಿಗಳು ಮೆಟಲ್ ಪ್ರೇಮಿಗಳಿಗಾಗಿಯೇ ಬರೆದ ವಿಮರ್ಶೆ ಇವುಗಳಲ್ಲಿತ್ತು.

ವಿಮರ್ಶಕರು ಪ್ರಕಾಶಕರೂ ಆದ ಉದಾಹರಣೆಗೆ ಲಾಸ್ ಏಂಜಲೀಸ್‌ಗೆ ಹೋಗಬೇಕು. ಅಲ್ಲಿ ಮುದ್ರಿಕೆಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಬ್ರಯಾನ್ ಸ್ಲೇಗಲ್ ಕೈಯಿಂದಲೇ ಒಂದು ಪುಟ್ಟ ವಿಮರ್ಶಾ ಪತ್ರಿಕೆ ನಡೆಸುತ್ತಿದ್ದ. ಊರಿನ ಹೊಸ ತಂಡಗಳನ್ನು ಬರಿದೆ ಹೊಗಳಿದರೆ ಸಾಲದೆಂದು, 1982ರಲ್ಲಿ ಅವುಗಳ ಹಾಡುಗಳನ್ನು ಕಲೆಹಾಕಿ ‘ಮೆಟಲ್ ಮ್ಯಾಸಕರ್’ ಎಂಬ ಮುದ್ರಿಕೆ ತಂದ. ಇನ್ನೂ ಸರಿಯಾಗಿ ರೂಪುಗೊಳ್ಳದಿದ್ದ ‘ಮೆಟಾಲಿಕ’ದ ಮೊದಲ ಹಾಡು ಬೆಳಕು ಕಂಡದ್ದು ಅದರಲ್ಲೇ. ಅದೇ ವರ್ಷ ಆ ತಂಡದ ಪ್ರಾಯೋಗಿಕ ಕ್ಯಾಸೆಟ್ಟು ಪ್ರತಿಯ ಪ್ರತಿಯಾಗಿ, ಅಂಚೆಯಲ್ಲಿ ಊರೂರು ಸುತ್ತಿತು. ನ್ಯೂಜೆರ್ಸಿಯಲ್ಲಿ ಮುದ್ರಿಕೆಗಳ ಅಂಗಡಿ ಇಟ್ಟಿದ್ದ ಜಾನ್ ಝಜುಲಾ ಕಿವಿಗೂ ಅದು ಬಿತ್ತು. ಅವನು ಹುಡುಗರನ್ನು ಕರೆಸಿಕೊಂಡು 1983ರಲ್ಲಿ ಅವರ ಮೊದಲ ಮುದ್ರಿಕೆ ‘ಕಿಲ್ ಎಮ್ ಆಲ್’ ಹೊರತಂದ. ದೊಡ್ಡ ಪತ್ರಿಕೆ, ಬಾನುಲಿ, ದೂರದರ್ಶನ ಇವಾವುದರ ಹಂಗೂ ಇಲ್ಲದೆ ಒಂದು ಸಂಗೀತ ಲೋಕ ಸುತ್ತಿದ್ದು ಹೀಗೆ.

ವಿಮರ್ಶಕನ ಕಿವಿ ಏನು ಕೇಳುತ್ತದೆ?

ಹೊರಗಿನವರಿಗೆ ಒಂದೇ ಸಮನೆ ಅಬ್ಬರವೆನಿಸುವ ಈ ಸಂಗೀತದಲ್ಲಿ ಬಲ್ಲವರು ಏನನ್ನು ಬೇರ್ಪಡಿಸಿ ನೋಡುತ್ತಾರೆ? ಮೊದಲನೆಯದು ರಿಫ್‌ನ ಹೊಸತನ. ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯುವ ಗುಣ. ಎರಡನೆಯದು ಡ್ರಮ್ಮಿನ ಲಯ: ಎರಡು ಕಾಲುಗಳಿಂದಲೂ ತುಳಿದು ನುಡಿಸುವ ಬೇಸ್ ಡ್ರಮ್ ಗಿಟಾರಿನ ಹೊಡೆತಕ್ಕೆ ಸರಿಯಾಗಿ ಕೂಡುತ್ತದೆಯೇ ಎಂಬುದು. ಮೂರನೆಯದು ಕಂಠ: ತಾರಸ್ಥಾಯಿಯ ಗಾಯನವಿರಲಿ, ಗಂಟಲಾಳದ ಗರ್ಜನೆಯಿರಲಿ, ಹಾಡಿನ ಭಾವಕ್ಕೆ ಅದು ಒಪ್ಪಬೇಕು. ಕೊನೆಯದು ಧ್ವನಿಮುದ್ರಣದ ಗುಣಮಟ್ಟ.

ಈ ಕೊನೆಯದರ ಮೇಲೆ ನಡೆದಷ್ಟು ವಾಗ್ವಾದ ಬೇರೆಯದರ ಮೇಲೆ ನಡೆದಿಲ್ಲ. ಮೆಟಾಲಿಕ ತಂಡದ ಮೂರು ಮುದ್ರಿಕೆಗಳೇ ಸಾಕ್ಷಿ. 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಹೊಸದಾಗಿ ಸೇರಿದ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲವೆಂಬ ದೂರು ಇಂದಿಗೂ ನಿಂತಿಲ್ಲ. 2003ರ ‘ಸೇಂಟ್ ಆ್ಯಂಗರ್’ನಲ್ಲಿ ಡ್ರಮ್ಮಿನ ಕೆಳಗಿನ ತಂತಿಗಳನ್ನು ಸಡಿಲಬಿಟ್ಟು ನುಡಿಸಿದ್ದರಿಂದ ತಗಡಿನ ಡಬ್ಬಿ ಬಡಿದಂಥ ಸದ್ದು ಬಂತೆಂದು ಕೇಳುಗರು ಗೇಲಿ ಮಾಡಿದರು. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಎಲ್ಲವನ್ನೂ ಗಟ್ಟಿಯಾಗಿ ಕೇಳಿಸುವ ಹಟದಲ್ಲಿ ಏರು ತಗ್ಗುಗಳ ಅಂತರವನ್ನೇ ಹಿಂಡಿ ಹಾಕಲಾಗಿತ್ತು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ಕಂಪ್ಯೂಟರ್ ಆಟದಲ್ಲಿ ಹೆಚ್ಚು ಸ್ವಚ್ಛವಾಗಿ ಕೇಳಿಸುತ್ತವೆಂದು ಪತ್ತೆಹಚ್ಚಿದವರು ಸಾಮಾನ್ಯ ಕೇಳುಗರೇ. ಹೊಸದಾಗಿ ಸಿದ್ಧಪಡಿಸಿ ಕೊಡಿ ಎಂದು ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು.

ಒಳಗಿನವರ ಕಣ್ಣು, ಹೊರಗಿನವರ ಕುರುಡು

ಹೊರಗಿನವರ ತೀರ್ಪು ಎಷ್ಟು ಎಡವಬಹುದೆಂಬುದನ್ನು 1989ರ ಫೆಬ್ರುವರಿಯ ಗ್ರ್ಯಾಮಿ ಪ್ರಶಸ್ತಿ ಜಗತ್ತಿಗೇ ತೋರಿಸಿತು. ಹಾರ್ಡ್ ರಾಕ್ ಮತ್ತು ಮೆಟಲ್‌ಗಾಗಿ ಮೊದಲ ಬಾರಿ ಇಟ್ಟ ಪ್ರಶಸ್ತಿಯನ್ನು ಎಲ್ಲರೂ ನಿರೀಕ್ಷಿಸಿದ್ದ ಮೆಟಾಲಿಕಕ್ಕೆ ಕೊಡದೆ, ಕೊಳಲು ವಾದನಕ್ಕೆ ಹೆಸರಾದ ‘ಜೆತ್ರೋ ಟಲ್’ ತಂಡಕ್ಕೆ ಕೊಡಲಾಯಿತು. ಮರುವರ್ಷ ಆ ಪ್ರಶಸ್ತಿಯನ್ನು ಎರಡಾಗಿ ಒಡೆದರು. ಮೆಟಲ್ ವಿಭಾಗದ ಪ್ರಶಸ್ತಿ ಮೆಟಾಲಿಕಕ್ಕೇ ಹೋಯಿತು.

ಆದರೆ ಒಳಗಿನವರ ವಿಮರ್ಶೆಗೂ ಅದರದೇ ಮಿತಿಗಳಿವೆ. ಪ್ರೀತಿಯಿಂದ ಬರೆಯುವವನಿಗೆ ದೋಷ ಕಾಣುವುದು ಕಷ್ಟ. ಪತ್ರಿಕೆಗೆ ಜಾಹೀರಾತು ಕೊಡುವ ಕಂಪನಿಯ ಮುದ್ರಿಕೆಯನ್ನೇ ಅಲ್ಲಿ ಅಳೆಯಬೇಕಾಗುತ್ತದೆ. ‘ಥ್ರ್ಯಾಶ್’, ‘ಡೆತ್’, ‘ಡೂಮ್’, ‘ಬ್ಲ್ಯಾಕ್’ ಎಂದು ಉಪಜಾತಿಗಳು ಹೆಚ್ಚಿದಂತೆ, ಹಾಡು ಚೆನ್ನಾಗಿದೆಯೇ ಎಂಬ ಪ್ರಶ್ನೆಗಿಂತ ಅದು ಯಾವ ಕುಲದ್ದೆಂಬ ಪ್ರಶ್ನೆಯೇ ದೊಡ್ಡದಾಗುವ ಅಪಾಯವಿದೆ. ಹೊಸತನ್ನು ಬಯಸಿ ದಾರಿ ಬದಲಿಸಿದ ತಂಡವನ್ನು ದ್ರೋಹಿಯೆಂದು ಕರೆಯುವುದೂ ಈ ಲೋಕದಲ್ಲಿ ಹೊಸದಲ್ಲ. ಒಂದು ಕಾಲದಲ್ಲಿ ಬ್ಲೂಸ್‌ನ ಶುದ್ಧಿಯ ಹೆಸರಿನಲ್ಲಿ ಮೆಟಲ್ಲನ್ನು ಹೊರಗಿಟ್ಟವರ ತಪ್ಪನ್ನೇ, ಮೆಟಲ್‌ನ ಶುದ್ಧಿಯ ಹೆಸರಿನಲ್ಲಿ ಮಾಡಿದಂತಾಗುತ್ತದೆ.

ಭಾರತದಲ್ಲಿ ಈ ಕೊರತೆ ತುಂಬಲು 1993ರಲ್ಲಿ ಅಲಹಾಬಾದಿನಲ್ಲಿ ಅಮಿತ್ ಸೈಗಲ್ ಮತ್ತು ಶೀನಾ ಸೈಗಲ್ ‘ರಾಕ್ ಸ್ಟ್ರೀಟ್ ಜರ್ನಲ್’ ಆರಂಭಿಸಿದರು. ಕಾಲೇಜು ಉತ್ಸವಗಳಲ್ಲಿ ನುಡಿಸುತ್ತಿದ್ದ ದೇಶದ ತಂಡಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕ ನುಡಿಸಿದವು. ಬೆಂಗಳೂರಿನದೇ ಆದ ‘ಕ್ರಿಪ್ಟೋಸ್’ ತಂಡದ ಮುದ್ರಿಕೆಯನ್ನು 2016ರಲ್ಲಿ ಜರ್ಮನಿಯ ಕಂಪನಿಯೊಂದು ಹೊರತಂದಾಗ, ಇಲ್ಲಿಯ ತಂಡವೂ ಅಲ್ಲಿಯ ಅಳತೆಗೋಲಿಗೆ ಎದುರಾಯಿತು.

ಈಗ ಮುದ್ರಿಕೆ ಕೊಳ್ಳುವ ಮೊದಲು ವಿಮರ್ಶೆ ಓದಬೇಕಾದ ಅಗತ್ಯವಿಲ್ಲ. ಬಿಡುಗಡೆಯಾದ ಗಳಿಗೆಯಲ್ಲೇ ಯಾರು ಬೇಕಾದರೂ ಕೇಳಬಹುದು. ಸೌಂಡ್ಸ್ 1991ರಲ್ಲೇ ನಿಂತಿತು, ಕೆರಾಂಗ್ 2020ರಲ್ಲಿ ವಾರದ ಮುದ್ರಣವನ್ನು ನಿಲ್ಲಿಸಿತು. ಕೊಳ್ಳಬೇಕೋ ಬೇಡವೋ ಎಂದು ಹೇಳುವ ಕೆಲಸ ವಿಮರ್ಶಕನ ಕೈತಪ್ಪಿದೆ. ಉಳಿದಿರುವುದು ಹೆಚ್ಚು ಕಷ್ಟದ ಕೆಲಸ: ಒಂದು ನಾದ ಎಲ್ಲಿಂದ ಬಂತು, ಏನನ್ನು ಸಾಧಿಸಲು ಹೊರಟಿದೆ, ಅದನ್ನು ಸಾಧಿಸಿತೇ ಎಂದು ಅದರ ನೆಲದಲ್ಲೇ ನಿಂತು ಕೇಳಿ ಹೇಳುವುದು. 2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್ ತಮ್ಮ ಹುಟ್ಟೂರಾದ ಬರ್ಮಿಂಗ್‌ಹ್ಯಾಮ್‌ನ ಫುಟ್‌ಬಾಲ್ ಮೈದಾನದಲ್ಲಿ ಕೊನೆಯ ಬಾರಿಗೆ ನುಡಿಸಿತು. ಅದಾದ ಎರಡೂವರೆ ವಾರಗಳಲ್ಲಿ ಗಾಯಕ ಆಝಿ ಆಸ್ಬರ್ನ್ ತೀರಿಕೊಂಡರು. ಮೊದಲ ವಿಮರ್ಶೆಯಲ್ಲಿ ನಕಲೆನಿಸಿಕೊಂಡ ತಂಡಕ್ಕೆ ಅಂದು ಗೌರವ ಸಲ್ಲಿಸಲು ಅದೇ ವೇದಿಕೆಯಲ್ಲಿ ನುಡಿಸಿದವರ ಸಾಲಿನಲ್ಲಿ ಮೆಟಾಲಿಕವೂ ಇತ್ತು.