ಘಟ್ಟದ ಏರು, ಯಂತ್ರದ ಉಸಿರು

ಬೆಳಗಾವಿಯಿಂದ ಜಾಂಬೋಟಿಯ ಹಾದಿ ಹಿಡಿದು ಕಣಕುಂಬಿಗೆ ಹೋಗುವವರು ಸಾಮಾನ್ಯವಾಗಿ ಮಲಪ್ರಭೆಯ ಉಗಮವನ್ನು ಕಾಣಲು, ಮಾವುಲಿ ದೇವಿಗೆ ಕೈಮುಗಿಯಲು ಹೋಗುತ್ತಾರೆ. ನನ್ನಂಥ ಮೋಟಾರಿನ ಹುಚ್ಚಿನವನಿಗೆ ಆ ಊರು ಇನ್ನೊಂದು ಕಾರಣದಿಂದಲೂ ಪ್ರಿಯವಾದುದು. ಗೋವೆಯ ಕಡೆಯಿಂದ ಚೋರ್ಲಾ ಘಟ್ಟವನ್ನೇರಿ ಬರುವ ಗಾಡಿಯ ನಿಜವಾದ ಯೋಗ್ಯತೆ ಕಣಕುಂಬಿಯನ್ನು ಮುಟ್ಟುವಷ್ಟರಲ್ಲಿ ಬಯಲಾಗಿಬಿಡುತ್ತದೆ. ಅದರಲ್ಲಿಯೂ ಗಾಳಿಯಿಂದಲೇ ತಂಪಾಗುವ ಯಂತ್ರವುಳ್ಳ ಹಳೆಯ ಸಣ್ಣ ಕಾರಾದರೆ, ತಿರುವು ತಿರುವಿಗೂ ಅದರ ಏದುಸಿರು ಕೇಳಿಸುತ್ತದೆ.

ಈ ಏದುಸಿರಿಗೆ ಎತ್ತರದ ತೆಳುಗಾಳಿಯೇ ಕಾರಣವೆಂದು ಹಲವರ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಕಣಕುಂಬಿಯ ಎತ್ತರ ಸುಮಾರು 2,600 ಅಡಿ. ಪ್ರತಿ ಸಾವಿರ ಅಡಿಗೆ ಗಾಳಿಯ ಸಾಂದ್ರತೆ ನೂರಕ್ಕೆ ಮೂರರಂತೆ ಇಳಿಯುತ್ತದೆಂದರೂ, 34 ಅಶ್ವಶಕ್ತಿಯ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಲ್ಲಿ ಕಳೆದುಕೊಳ್ಳುವುದು ಮೂರು ಅಶ್ವಶಕ್ತಿಗಿಂತ ಕಡಿಮೆ. ಅದನ್ನು ದಣಿಸುವುದು ಏರು, ಹೊರೆ ಮತ್ತು ತನ್ನದೇ ಉಷ್ಣ. ಆದರೂ ಹಳೆಯ ಕಾರುಗಳ ಅಭಿಮಾನಿಗಳು ಕೂಡಿದಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ: ‘ಇದಕ್ಕೊಂದು ಟರ್ಬೊ ಕೂರಿಸಿದರೆ ಹೇಗೆ?’

ಟರ್ಬೊದ ಹಿಂದಿನ ಯುಕ್ತಿ ಸರಳ. ಯಂತ್ರದಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಹೊಗೆ ಒಂದು ಗಾಲಿಯನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಗಾಲಿ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿನೊಳಕ್ಕೆ ತುಂಬುತ್ತದೆ. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಅದು ಹೆಸರು ಮಾಡಿದ್ದು ಮಾತ್ರ ಒಂದು ಬೆಟ್ಟದ ತುದಿಯಲ್ಲಿ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ಎಂಬ ವಿಮಾನಯಂತ್ರವನ್ನು ಲಾರಿಯೊಂದರಲ್ಲಿ ಹೇರಿಕೊಂಡು, 14,000 ಅಡಿಗೂ ಮಿಕ್ಕಿದ ಪೈಕ್ಸ್ ಶಿಖರಕ್ಕೆ ಒಯ್ದನು. ಸಮತಟ್ಟಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಯಂತ್ರ ಅಲ್ಲಿ 230ಕ್ಕೆ ಕುಗ್ಗಿತ್ತು. ಟರ್ಬೊ ತೊಡಿಸಿದೊಡನೆ 356ಕ್ಕೆ ಏರಿತು. ಲಿಬರ್ಟಿಯದು ನೀರಿನಿಂದ ತಂಪಾಗುವ ಯಂತ್ರವೆಂಬುದನ್ನು ಇಲ್ಲಿ ಮರೆಯಬಾರದು.

ಗಾಳಿಯಿಂದ ತಂಪಾಗುವ ಯಂತ್ರಕ್ಕೂ ಟರ್ಬೊಗೂ ನಡೆದ ದೊಡ್ಡ ಸಂಬಂಧದ ಒಂದು ಅಧ್ಯಾಯ ನಮ್ಮ ಕನ್ನಡನಾಡಿನಲ್ಲಿಯೇ ಇದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಕಟ್ಟಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ಭಾರಿ ಬಾಂಬರುಗಳನ್ನು ಕಾನ್ಪುರದ ಬಯಲಿನಲ್ಲಿ ಗುಜರಿಯಾಗಿ ಬಿಟ್ಟುಹೋಗಿದ್ದರು. ಮತ್ತೆ ಹಾರದಿರಲೆಂದು ಬೇಕೆಂದೇ ಕೆಡಿಸಿದ್ದರೆಂದೂ ಹೇಳುತ್ತಾರೆ. ಬೆಂಗಳೂರಿನ ಕುಶಲಕರ್ಮಿಗಳು ಅಲ್ಲಿಗೇ ಹೋಗಿ, ಹಾರುವಷ್ಟರ ಮಟ್ಟಿಗೆ ಅವನ್ನು ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ತರಿಸಿ, ಬಿಚ್ಚಿ ಜೋಡಿಸಿ ಹೊಸದರಂತೆ ಮಾಡಿದರು. ಹೀಗೆ ಮರುಹುಟ್ಟು ಪಡೆದ ವಿಮಾನಗಳಿಂದಲೇ 1948ರ ನವೆಂಬರಿನಲ್ಲಿ ನಮ್ಮ ವಾಯುಪಡೆಯ 5ನೆಯ ಸ್ಕ್ವಾಡ್ರನ್ ರೂಪುಗೊಂಡಿತು. 1968ರವರೆಗೆ ಲಿಬರೇಟರುಗಳು ನಮ್ಮಲ್ಲಿ ದುಡಿದವು. ಅವುಗಳಲ್ಲಿ ಕೆಲವು ಇಂದು ಇಂಗ್ಲೆಂಡ್, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಕಸದಿಂದ ಎದ್ದ ವಿಮಾನವನ್ನು ಅದನ್ನು ಕಟ್ಟಿದವರೇ ಬಂದು ಮರಳಿ ಒಯ್ದರಲ್ಲಾ!

ಪ್ರತಿಯೊಂದು ಲಿಬರೇಟರಿಗೆ ನಾಲ್ಕು ಯಂತ್ರ. ಒಂದೊಂದಕ್ಕೂ ಹದಿನಾಲ್ಕು ಸಿಲಿಂಡರು, 1,200 ಅಶ್ವಶಕ್ತಿ, ಹೊಟ್ಟೆಯಡಿಯಲ್ಲಿ ಒಂದು ಟರ್ಬೊ. ನೀರಿನ ತಂಪಿಲ್ಲ. ಆದರೂ ಅವು ಸುಟ್ಟುಹೋಗಲಿಲ್ಲವೇಕೆ? ಇಪ್ಪತ್ತು ಸಾವಿರ ಅಡಿಯ ಮೇಲೆ ಹೊರಗಿನ ಗಾಳಿ ಹಿಮಕ್ಕಿಂತ ತಣ್ಣಗೆ. ಅದು ಗಂಟೆಗೆ ಇನ್ನೂರು ಮೈಲಿಯ ವೇಗದಲ್ಲಿ ಸಿಲಿಂಡರುಗಳ ಮೈಮೇಲೆ ಹಾಯುತ್ತಿತ್ತು. ಒತ್ತಿದ ಗಾಳಿಯನ್ನು ತಣಿಸಲು ಬೇರೆಯೇ ಶೈತ್ಯಕವೂ ಇದ್ದಿತು. ಎರಡನೆಯ ಗೇರಿನಲ್ಲಿ ಘಟ್ಟ ಹತ್ತುವ ಬೀಟಲಿಗೆ ಈ ಭಾಗ್ಯವೆಲ್ಲಿಂದ ಬರಬೇಕು?

ಅದೇ ಜಾತಿಯ ಯಂತ್ರಕ್ಕೆ ಟರ್ಬೊ ಹಾಕಿ ಕಾರು ಮಾರಿದವರೂ ಇದ್ದಾರೆ. 1962ರ ಷೆವ್ರೊಲೆ ಕಾರ್ವೇರ್ 150 ಅಶ್ವಶಕ್ತಿ ಕೊಟ್ಟಿತು. ಆದರೆ ಅದಕ್ಕಾಗಿ ಸಿಲಿಂಡರಿನೊಳಗಿನ ಒತ್ತಡದ ಪ್ರಮಾಣವನ್ನು ಇಳಿಸಬೇಕಾಯಿತು. 1974ರಲ್ಲಿ ಹೊರಬಂದ ಪೋರ್ಷೆ 911 ಟರ್ಬೊದಲ್ಲಿ ಆ ಪ್ರಮಾಣ 6.5ಕ್ಕೆ ಬಂದಿತ್ತು, ನಾಲ್ಕು ವರ್ಷ ಕಳೆದ ಮೇಲೆ ಅವರೂ ಒತ್ತಿದ ಗಾಳಿಗೆ ಶೈತ್ಯಕ ಸೇರಿಸಿದರು. ದೊಡ್ಡ ಕಾರ್ಖಾನೆಗಳೇ ಉಷ್ಣದೆದುರು ಇಷ್ಟು ಹುಷಾರಾಗಿ ಹೆಜ್ಜೆಯಿಟ್ಟಿವೆ.

ಬೆಳಗಾವಿಯ ಗೆಳೆಯರೊಬ್ಬರು ತಮ್ಮ ಬೀಟಲಿಗೆ ಗುಜರಿಯ ಡೀಸೆಲ್ ಕಾರಿನ ಟರ್ಬೊವೊಂದನ್ನು ತಂದಿಟ್ಟುಕೊಂಡು ನನ್ನ ಅಭಿಪ್ರಾಯ ಕೇಳಿದರು. ಕೊಳವೆ, ಪಟ್ಟಿ, ಬೆಸುಗೆಗಳ ಚಿಂತೆಯಿಲ್ಲ. ಉದ್ಯಮಬಾಗದ ಲೇತುಗಳು ಅದಕ್ಕಿಂತ ಕಷ್ಟದ ಕೆಲಸವನ್ನು ನಿತ್ಯವೂ ಮಾಡುತ್ತವೆ. ಚಿಂತೆಯಿರುವುದು ಎಣ್ಣೆಯಲ್ಲಿ. ಬೀಟಲಿನ ಹೊಟ್ಟೆಯಲ್ಲಿರುವುದು ಎರಡೂವರೆ ಲೀಟರು ಮಾತ್ರ. ಅದೇ ಯಂತ್ರವನ್ನು ತಂಪಾಗಿಡಬೇಕು. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊದ ದಂಡವನ್ನೂ ಅದೇ ಹೊತ್ತು ನಿಲ್ಲಬೇಕು. 30 ಡಿಗ್ರಿಯ ಗಾಳಿಯನ್ನು ಅರ್ಧ ವಾಯುಭಾರದಷ್ಟು ಹೆಚ್ಚು ಒತ್ತಿದರೆ ಅದು 70 ಡಿಗ್ರಿ ದಾಟಿ ಒಳಹೋಗುತ್ತದೆ. ಸಾಲದುದಕ್ಕೆ, ಹಳೆಯ ಬೀಟಲಿನ ಮೂರನೆಯ ಸಿಲಿಂಡರಿಗೆ ಸಿಗುವುದು ಎಣ್ಣೆಯ ಶೈತ್ಯಕವನ್ನು ಹಾದುಬಂದ ಬೆಚ್ಚನೆಯ ಗಾಳಿ. ಕಾರ್ಖಾನೆಯವರು 1971ರ ಮಾದರಿಯಲ್ಲಷ್ಟೆ ಆ ಶೈತ್ಯಕದ ಜಾಗವನ್ನು ಬದಲಿಸಿದರು. ಯಂತ್ರದ ಕವಚವೋ ಮೆಗ್ನೀಸಿಯಂ ಮಿಶ್ರಲೋಹದ್ದು. ಬಿರುಕು ಬಿಟ್ಟರೆ ಇನ್ನೊಂದು ಸುಲಭವಾಗಿ ಸಿಗುವಂಥದಲ್ಲ, ಬೀಟಲ್ ನಮ್ಮ ದೇಶದಲ್ಲಿ ತಯಾರಾದುದೇ ಅಲ್ಲವಲ್ಲ. ಮೊದಲು ಹೊರಗಡೆ ಒಂದು ದೊಡ್ಡ ಎಣ್ಣೆ ಶೈತ್ಯಕವನ್ನೂ ಸಿಲಿಂಡರಿನ ತಲೆಗೊಂದು ಉಷ್ಣಮಾಪಕವನ್ನೂ ಕೂರಿಸಿ, ಟರ್ಬೊ ಇಲ್ಲದೆಯೇ ಒಂದು ಬೇಸಗೆ ಚೋರ್ಲಾ ಘಟ್ಟವನ್ನು ಹತ್ತಿಸಿ ನೋಡಿರೆಂದೆ. ಶೈತ್ಯಕವನ್ನು ತರಿಸಿದ್ದಾರೆ, ಟರ್ಬೊ ಇನ್ನೂ ಅವರ ಮೇಜಿನ ಮೇಲಿದೆ.