ಹೆಸರು ಹಲವು, ಮನೆ ಒಂದೇ

ಚಿಕ್ಕನಾಯಕನಹಳ್ಳಿಗೆ ಹೊರಟವರು ಬಸ್ ನಿಲ್ದಾಣದಲ್ಲಿ ಅಷ್ಟುದ್ದದ ಹೆಸರು ಹೇಳಬೇಕಿಲ್ಲ, 'ಸಿ.ಎನ್. ಹಳ್ಳಿ' ಎಂದರೆ ಸಾಕು. ಪಕ್ಕದ ತುರುವೇಕೆರೆಯದು ಬೇರೆ ಕತೆ. ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ಮೊದಲ 'ಟಿ'ಗೆ 'ಎಚ್' ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ, ಇನ್ನು ಕೆಲವರು ನಡುವಿನ ಒಂದು 'ಯು' ನುಂಗಿಬಿಡುತ್ತಾರೆ. ಆದರೂ ಕಾಗದ ಊರು ತಲುಪುತ್ತದೆ. ಏಕೆಂದರೆ ವಿಳಾಸದ ಕೊನೆಯಲ್ಲಿ 572227 ಎಂಬ ಪಿನ್ ಕೋಡ್ ಇರುತ್ತದೆ.

ಒಂದೇ ಹೆಸರಿನ ಹಲವು ಊರುಗಳು, ಒಂದೇ ಊರಿಗೆ ಹಲವು ಕಾಗುಣಿತಗಳು, ಹತ್ತಾರು ಭಾಷೆಗಳು. ಈ ಗೊಂದಲ ತಪ್ಪಿಸಲೆಂದೇ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ತಂದಿತು. ಹೆಸರು ಜನರಿಗೆ, ಅಂಕಿ ಕಾಗದ ವಿಂಗಡಿಸುವವರಿಗೆ.

ಅಂತರ್ಜಾಲ ನಡೆಯುವುದೂ ಹೀಗೆಯೇ. ಅಲ್ಲಿ ಪ್ರತಿ ಕಂಪ್ಯೂಟರಿನ ನಿಜವಾದ ವಿಳಾಸ ಒಂದು ಸಂಖ್ಯೆ. ಮೊದಮೊದಲು ಯಾವ ಹೆಸರಿಗೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಒಂದೇ ಕಡತದಲ್ಲಿ ಇಟ್ಟುಕೊಂಡಿತ್ತು. ಕಂಪ್ಯೂಟರುಗಳು ಹೆಚ್ಚಿದಂತೆ ಕಡತ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ತಜ್ಞ ಈ ಕೆಲಸವನ್ನು ಹಲವು ಕಂಪ್ಯೂಟರುಗಳಿಗೆ ಹಂಚಿಕೊಡುವ 'ಡೊಮೇನ್ ಹೆಸರು ವ್ಯವಸ್ಥೆ'ಯನ್ನು ರೂಪಿಸಿದರು. ಒಂದು ಹೆಸರು ಇನ್ನೊಂದರ ಅಡ್ಡಹೆಸರು ಎಂದು ದಾಖಲಿಸುವ ಸೌಲಭ್ಯವನ್ನೂ ಅದರಲ್ಲಿ ಇಟ್ಟರು.

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಜಾಲತಾಣ ತೆರೆದರೆನ್ನಿ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ 'ಟಿಪ್ಟೂರ್' ಎಂದು ಬರೆಯುವವರೂ 'ತಿಪಟೂರು' ಎಂದು ಬರೆಯುವವರೂ ಅವರ ಗಿರಾಕಿಗಳೇ. ಅವರು ಎರಡೂ ಹೆಸರು ಕೊಂಡು ಒಂದೇ ತಾಣಕ್ಕೆ ಜೋಡಿಸಬಹುದು. ಕನ್ನಡ ಲಿಪಿಯಲ್ಲಿ '.ಭಾರತ' ಎಂದು ಕೊನೆಗೊಳ್ಳುವ ಹೆಸರೂ ಈಗ ಸಿಗುತ್ತದೆ.

ಆದರೆ ಸಂಖ್ಯೆಯನ್ನು ತೋರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಒಂದೇ ಸಂಖ್ಯೆಯಲ್ಲಿ ನೂರಾರು ತಾಣಗಳು ಬಾಡಿಗೆಗಿರುತ್ತವೆ. ಓದುಗ ಯಾವ ಹೆಸರು ಹುಡುಕಿ ಬಂದ ಎಂಬುದನ್ನು ಬ್ರೌಸರ್ ಹೇಳಲೇಬೇಕೆಂಬ ನಿಯಮ 1997ರಲ್ಲಿ ಬಂತು. ಆದ್ದರಿಂದ ಎರಡೂ ಹೆಸರು ನಮ್ಮವೇ ಎಂದು ಆ ಕಂಪ್ಯೂಟರಿಗೂ ತಿಳಿಸಿರಬೇಕು. ಒಂದನ್ನು ಮುಖ್ಯ ಹೆಸರಾಗಿಟ್ಟು, ಉಳಿದವುಗಳಿಗೆ 'ಶಾಶ್ವತವಾಗಿ ಅಲ್ಲಿಗೆ ಸ್ಥಳಾಂತರ' ಎಂಬ ಸೂಚನೆ ಕೊಡುವುದು ವಾಡಿಕೆ. ಆ ಸೂಚನೆಯ ಸಂಖ್ಯೆ 301. ಮನೆ ಬದಲಿಸಿದವರ ಕಾಗದವನ್ನು ಅಂಚೆಯವರು ಹೊಸ ವಿಳಾಸಕ್ಕೆ ತಿರುಗಿಸಿದಂತೆ.

ಊರಿನ ಹೆಸರಿಗೂ ಜಾಲದ ಹೆಸರಿಗೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಚೋಳರು ತಲಕಾಡನ್ನು ಗೆದ್ದು 'ರಾಜರಾಜಪುರ' ಎಂದು ಕರೆದರು. ಆ ಹೆಸರು ಶಾಸನಗಳಲ್ಲಿ ಉಳಿಯಿತು, ತಲಕಾಡು ಜನರ ಬಾಯಲ್ಲಿ ಉಳಿಯಿತು. 2014ರ ನವೆಂಬರ್ 1ರಂದು ಇಂಗ್ಲಿಷಿನ 'ಟುಮ್ಕೂರ್' ಅಧಿಕೃತವಾಗಿ 'ತುಮಕೂರು' ಆಯಿತು. ಹಳೆಯ ಕಾಗುಣಿತ ಬರೆದವರ ಕಾಗದವೇನೂ ವಾಪಸಾಗಲಿಲ್ಲ. ಜಾಲದಲ್ಲಿ ಹಾಗಲ್ಲ. ಅಲ್ಲಿ ಹೆಸರು ಸ್ವಂತದ್ದಲ್ಲ, ಬಾಡಿಗೆಯದು. ಹೊಸ ಹೆಸರು ಬಂತೆಂದು ಹಳೆಯದರ ಬಾಡಿಗೆ ಕಟ್ಟದೆ ಬಿಟ್ಟರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕ್ಯಾಲೆಂಡರಿನಲ್ಲೋ ಗೋಣಿಚೀಲದ ಮೇಲೋ ಅಚ್ಚಾದ ಹಳೆಯ ಹೆಸರನ್ನು ನಂಬಿ ಬಂದವನು ಮೋಸಗಾರನ ಮನೆಗೇ ಹೋಗಬಹುದು.

ಹೊಸ ಹೆಸರಿನ ಫಲಕ ತೂಗುಹಾಕುವುದು ಸುಲಭ. ಹಳೆಯ ಹೆಸರು ಹಿಡಿದು ಬಂದವರಿಗೂ ಬಾಗಿಲು ತೆರೆದಿಡುವುದೇ ನಿಜವಾದ ಜವಾಬ್ದಾರಿ.