ಹಾತಕಣಂಗಲೆ ಪ್ರದೇಶದ ಸಹವಿದ್ಯುತ್ ಉದ್ಯಮ ಮತ್ತು ಸರ್ಕಾರಿ ಪ್ರೋತ್ಸಾಹ

ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ಹಾಗೂ ಅದರ ನೆರೆಯ ತಾಲೂಕುಗಳ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನುರಿಸಿ, ತಮಗೆ ಬೇಕಾದ ಉಗಿಯನ್ನೂ ಮಾರಾಟಯೋಗ್ಯವಾದ ವಿದ್ಯುತ್ತನ್ನೂ ಏಕಕಾಲದಲ್ಲಿ ಪಡೆಯುವ ಉದ್ಯಮ. ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇಕಡ 30ರಷ್ಟು ಸಿಪ್ಪೆಯಾಗಿ ಹೊರಬೀಳುವುದು. ಅದರಲ್ಲಿ ಅರ್ಧದಷ್ಟು ನೀರೇ. ಅದನ್ನು ಅಧಿಕ ಒತ್ತಡದ ಬಾಯ್ಲರಿನಲ್ಲಿ ಉರಿಸಿ, ಉಗಿಯಿಂದ ಮೊದಲು ಟರ್ಬೈನನ್ನು ತಿರುಗಿಸಿ, ಬಲ ಕುಂದಿದ ಅದೇ ಉಗಿಯಿಂದ ರಸವನ್ನು ಕುದಿಸುವರು.

ಇಚಲಕರಂಜಿಯ ಪಂಚಗಂಗಾ, ಹುಪರಿಯ ಜವಾಹರ, ಶಿರೋಳದ ದತ್ತ ಮೊದಲಾದವು ಈ ಭಾಗದ ಸಹಕಾರಿ ಕಾರ್ಖಾನೆಗಳು.

ಪ್ರೋತ್ಸಾಹದ ಆರಂಭವನ್ನು ಮಹಾರಾಷ್ಟ್ರದ 2008ರ ನವೀಕರಿಸಬಹುದಾದ ಇಂಧನ ನೀತಿಯಿಂದ ಎಣಿಸುವುದುಂಟಾದರೂ, ಸಕ್ಕರೆ ಅಭಿವೃದ್ಧಿ ನಿಧಿಯ 1982ರ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾಗಿ ಸಹವಿದ್ಯುತ್ತಿಗೂ ಎಥನಾಲಿಗೂ ಸಾಲ ದೊರೆಯುವಂತಾದುದನ್ನೂ, ಅದೇ ವರ್ಷದ ಆಗಸ್ಟಿನಲ್ಲಿ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗವು ಸಿಪ್ಪೆಯ ವಿದ್ಯುತ್ತಿಗೆ ಖರೀದಿ ದರವನ್ನು ಗೊತ್ತುಪಡಿಸಿದುದನ್ನೂ ಗಮನಿಸಿದರೆ, ನಿಜವಾದ ತಿರುವು 2002ರಲ್ಲಿಯೇ ಇರುವುದು ವ್ಯಕ್ತವಾಗುತ್ತದೆ. ಏಕೆಂದರೆ ಕೊಳ್ಳುವವರಾರು, ಯಾವ ಬೆಲೆಗೆ ಎಂಬುದು ನಿಶ್ಚಯವಾಗದೆ ಯಾವ ಬ್ಯಾಂಕೂ ಬಾಯ್ಲರಿಗೆ ಸಾಲ ಕೊಡಲಾರದು.

ಪ್ರೋತ್ಸಾಹದ ಇನ್ನೊಂದು ಮೂಲ ಊರ್ಜಾಂಕುರ ನಿಧಿ; ದಾಖಲೆಗಳಲ್ಲಿ ಗೊಂದಲಕ್ಕೆ ಆಸ್ಪದವಿರುವುದೂ ಇದರ ವಿಷಯದಲ್ಲಿ. ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರ ವಿದ್ಯುತ್ತಿನ ಮೇಲೆ ವಿಧಿಸಿದ ಹಸಿರು ಕರದಿಂದ ರಾಜ್ಯ ಸರ್ಕಾರ ನೀಡಿದ ಹಣವನ್ನೂ ಐಎಲ್ ಅಂಡ್ ಎಫ್‌ಎಸ್ ಸಂಸ್ಥೆಯ ಹಣವನ್ನೂ ಕೂಡಿಸಿ ರಚಿಸಿದ ಈ ನಿಧಿಯಿಂದ ಶಿರೋಳದಲ್ಲಿ 36 ಮೆಗಾವಾಟ್, ವಾರಣಾನಗರದಲ್ಲಿ 44 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳು ನಿರ್ಮಾಣಗೊಂಡವು. ಸಿಪ್ಪೆ ಸಹಕಾರಿ ಕಾರ್ಖಾನೆಯದು, ಸ್ಥಾವರ ಪ್ರತ್ಯೇಕ ಕಂಪನಿಯದು. ಆದುದರಿಂದ ಒಂದೇ ಸ್ಥಾವರವನ್ನು ಸಹಕಾರಿ ಲೆಕ್ಕದಲ್ಲಿಯೂ ಖಾಸಗಿ ಲೆಕ್ಕದಲ್ಲಿಯೂ ಎಣಿಸುವ ಸಂಭವವಿದೆ.

2008ರ ನೀತಿಯು ಸಿಪ್ಪೆಯಿಂದ 1000 ಮೆಗಾವಾಟಿನ ಗುರಿಯನ್ನಿರಿಸಿ, ಕಬ್ಬಿನ ಖರೀದಿ ತೆರಿಗೆಯಲ್ಲಿ ವಿನಾಯಿತಿಯನ್ನೂ ಸಹಕಾರಿ ಯೋಜನೆಗಳಿಗೆ ಸರ್ಕಾರದ ಪಾಲುಬಂಡವಾಳವನ್ನೂ ಒದಗಿಸಿತು. 2015ರ ನೀತಿ ಮತ್ತೊಮ್ಮೆ 1000, 2020ರದು 1350 ಮೆಗಾವಾಟಿನ ಗುರಿಯನ್ನು ಘೋಷಿಸಿದವು. ಆದರೆ ಅಷ್ಟರೊಳಗೆ ಸೌರವಿದ್ಯುತ್ತು ಅಗ್ಗವಾಗಿ, ನಿಗದಿತ ದರದ ಸ್ಥಾನವನ್ನು ಸ್ಪರ್ಧಾತ್ಮಕ ಟೆಂಡರು ಆಕ್ರಮಿಸತೊಡಗಿತ್ತು.

2018ರಿಂದ ಕೇಂದ್ರದ ಬಡ್ಡಿ ಸಹಾಯಧನವೂ, ಕಾಕಂಬಿಯ ದರ್ಜೆಗನುಗುಣವಾದ ಎಥನಾಲ್ ಬೆಲೆಯೂ ಕಾರ್ಖಾನೆಗಳನ್ನು ಎಥನಾಲಿನತ್ತ ಸೆಳೆದವು. 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥನಾಲ್ ತಯಾರಿಕೆಗೆ ಬಿದ್ದ ನಿರ್ಬಂಧ 2024ರಲ್ಲಿ ತೆರವಾಯಿತು.

ಚಿಕ್ಕೋಡಿ, ನಿಪ್ಪಾಣಿ ಭಾಗದ ಕನ್ನಡ ರೈತರ ಕಬ್ಬೂ ಗಡಿ ದಾಟಿ ಇಲ್ಲಿಗೆ ಬರುವುದುಂಟು. ಆ ಕಬ್ಬಿನ ನ್ಯಾಯಯುತ ಕನಿಷ್ಠ ಬೆಲೆಯನ್ನು ನಿಗದಿಪಡಿಸುವುದು ಕೇಂದ್ರ ಸರ್ಕಾರ. ಅದರ ಸಿಪ್ಪೆಯಿಂದಾದ ವಿದ್ಯುತ್ತಿಗೆ ಮಾತ್ರ ಕಾರ್ಖಾನೆ ನಿಂತ ರಾಜ್ಯದ ನಿಯಮವೇ ಅನ್ವಯಿಸುತ್ತದೆ.